ಕಂಪ್ಯೂಟರಿನ ತೆರೆಯ ಮೇಲೆ ಕನ್ನಡ ಲಿಪಿ: ಹರಿಹರದ ಶಾಸನಪಾಠಗಳ ನಿದರ್ಶನದೊಡನೆ ಒಂದು ವಿಚಾರ

ಶಾಸನಗಳನ್ನು ಓದುವವರು ಮೊತ್ತಮೊದಲು ಅಭ್ಯಾಸಮಾಡಿಕೊಳ್ಳಬೇಕಾದ ವಿವೇಕವೊಂದುಂಟು. ಕಲ್ಲಿನ ಮೇಲೆ ಅಕ್ಷರವೊಂದು ವಿಕಾರವಾಗಿ ಕಂಡಲ್ಲಿ, ಆ ವಿಕಾರವು ಪಾಠವನ್ನು ಬರೆದುಕೊಟ್ಟ ಲಿಪಿಕಾರನದೋ, ಅದನ್ನು ಕೆತ್ತಿದ ರೂವಾರಿಯದೋ, ಅಥವಾ ಮಳೆಗಾಳಿಗಳಿಗೆ ಸಿಕ್ಕಿ ಕಲ್ಲು ಸವೆದುದರಿಂದ ಉಂಟಾದುದೋ ಎಂಬುದನ್ನು ನಿಶ್ಚಯಿಸುವ ಮುನ್ನ ತಿದ್ದುಪಡಿಗೆ ಕೈಹಾಕಕೂಡದು. ಸವೆತವನ್ನು ಲಿಪಿಕಾರನ ತಪ್ಪೆಂದು ಬಗೆದು ತಿದ್ದಿದವನು ಇದ್ದ ಪಾಠವನ್ನೂ ಕೆಡಿಸುತ್ತಾನೆ. ಈಚಿನ ಕೆಲವು ದಶಕಗಳಿಂದ ನಮ್ಮ ಶಾಸನಪಾಠಗಳು ಕಂಪ್ಯೂಟರಿನೊಳಕ್ಕೆ ಸೇರುತ್ತ ಬಂದಿರುವುದರಿಂದ ಅದೇ ವಿವೇಕವು ಕಂಪ್ಯೂಟರಿನ ತೆರೆಯ ವಿಷಯದಲ್ಲಿಯೂ ಆವಶ್ಯಕವಾಗಿದೆ. ತೆರೆಯ ಮೇಲೆ ಒಡೆದಂತೆ ಕಾಣುವ ಅಕ್ಷರವು ಒಳಗೆ ಸರಿಯಾಗಿಯೇ ಇರಬಹುದು. ಅಂದವಾಗಿ ಕಾಣುವ ಅಕ್ಷರವು ಒಳಗೆ ಕೆಟ್ಟಿರಲೂಬಹುದು. ಇವೆರಡನ್ನೂ ಬೇರ್ಪಡಿಸಿ ನೋಡುವ ಬಗೆಯನ್ನು, ಅದು ಹೀಗೇಕಾಯಿತೆಂಬ ಚರಿತ್ರೆಯೊಡನೆ, ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಇದಕ್ಕೆ ಪ್ರಸಕ್ತಿ ಒದಗಿದುದು ಹೀಗೆ. ಹರಿಹರದ ಕೆಲವು ಶಾಸನಗಳ ಪಾಠವನ್ನು ಬಹಳ ವರ್ಷಗಳ ಹಿಂದೆ ಬೆರಳಚ್ಚು ಮಾಡಿಸಿಟ್ಟಿದ್ದ ಫೈಲೊಂದನ್ನು ದಾವಣಗೆರೆಯ ಟೈಪಿಂಗ್ ಅಂಗಡಿಯೊಂದರಲ್ಲಿ ತೆರೆಯಿಸಿದಾಗ, ಕನ್ನಡವಿರಬೇಕಾದ ಸ್ಥಳದಲ್ಲಿ ರೋಮನ್ ಅಕ್ಷರಗಳೂ ಹಣದ ಚಿಹ್ನೆಗಳೂ ತುಂಬಿದ್ದುವು. ಅಂಗಡಿಯವರು ಮಾನಿಟರನ್ನು ಶಂಕಿಸಿದರು. ಬಳಿಕ ಗ್ರಾಫಿಕ್ಸ್ ಕಾರ್ಡನ್ನು ಶಂಕಿಸಿ, ಅದನ್ನು ಬಿಚ್ಚಿಸಿ, ಬೇರೊಂದನ್ನು ಹಾಕಿಸಿದರು. ಹಣ ವೆಚ್ಚವಾಯಿತು, ಅಕ್ಷರಗಳು ಮಾತ್ರ ಇದ್ದಂತೆಯೇ ಇದ್ದುವು. ಅದೇ ತೆರೆಯ ಮೂಲೆಯಲ್ಲಿ ಗಡಿಯಾರದ ಅಂಕೆಗಳೂ, ಹಿಂದೆ ಹಾಕಿದ್ದ ದೇವರ ಚಿತ್ರವೂ ಸ್ವಲ್ಪವೂ ಕದಲದೆ ನಿರ್ಮಲವಾಗಿದ್ದುವೆಂಬುದನ್ನು ಯಾರೂ ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲವೆಂದು ಒಪ್ಪಿಕೊಳ್ಳುವುದೇ ನ್ಯಾಯ.

ಹರಿಹರದ ಶಾಸನಸಂಪತ್ತಿನ ವಿಷಯವನ್ನು ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೊಲಾಳ್ವನು ಕ್ರಿ. ಶ. ೧೨೨೪ರಲ್ಲಿ ಕಟ್ಟಿಸಿದನು, ೧೨೬೮ರಲ್ಲಿ ಮೂರನೆಯ ನರಸಿಂಹನ ಕಾಲದ ಸೋಮ ದಂಡನಾಯಕನು ಅದಕ್ಕೆ ಕೆಲವು ಭಾಗಗಳನ್ನು ಸೇರಿಸಿದನು. ಅಲ್ಲಿನ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೊಂದನೆಯ ಸಂಪುಟದಲ್ಲಿ, ಎಂದರೆ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ, ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಅಚ್ಚುಮಾಡಿಸಿದರು. ಅಲ್ಲಿ ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಶೀರ್ಷಿಕೆಯ ಕೆಳಗೆ ಬರುತ್ತವೆ. ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಆದುದರಿಂದ ಹಳೆಯ ಪುಸ್ತಕಗಳಲ್ಲಿ ಈ ಊರುಗಳನ್ನು ಹುಡುಕುವವರು ಚಿತ್ರದುರ್ಗದ ಹೆಸರನ್ನೇ ಹಿಡಿದು ಹೋಗಬೇಕು. ಈ 'ಚಿತ್ರದುರ್ಗ' ಎಂಬ ಶಬ್ದವು ಮುಂದೆ ನಮಗೆ ಇನ್ನೊಂದು ಕಾರಣದಿಂದ ಬೇಕಾಗುತ್ತದೆ.

ಕಲ್ಲಿನ ಮೇಲೆ ಕೆತ್ತುವವನಿಗೆ ಕನ್ನಡದ ಒತ್ತಕ್ಷರಗಳು ತೊಡಕಾಗಿರಲಿಲ್ಲ. ಉಳಿಯು ಎತ್ತ ಬೇಕಾದರೂ ತಿರುಗೀತು. ಒತ್ತು ಕೆಳಗಿನ ಸಾಲಿಗೆ ಇಳಿದರೆ ಆ ಸಾಲಿನ ಅಕ್ಷರವನ್ನು ಸ್ವಲ್ಪ ಸರಿಸಿ ಕೆತ್ತಬಹುದಾಗಿತ್ತು. ಸೀಸದ ಮೊಳೆಗಳು ಬಂದಾಗ ಈ ಸ್ವಾತಂತ್ರ್ಯ ಹೋಯಿತು. ಒಂದೊಂದು ಆಕಾರಕ್ಕೂ ಒಂದೊಂದು ಮೊಳೆಯನ್ನು ಎರೆಯಬೇಕಾಗಿ ಬಂದು, ಮೊಳೆ ಜೋಡಿಸುವವನ ಮುಂದೆ ನೂರಾರು ಮನೆಗಳ ಪೆಟ್ಟಿಗೆಯೇ ನಿಂತಿತು. ಆದರೂ ಅಲ್ಲಿ ಮನುಷ್ಯನ ಕಣ್ಣು ಇತ್ತು: ಯಾವ ಮೊಳೆಯನ್ನು ಯಾವುದರ ಬಳಿ ಇಡಬೇಕೆಂಬುದನ್ನು ಅವನೇ ಬಲ್ಲ. ಕಂಪ್ಯೂಟರಿನಲ್ಲಿ ಆ ಕಣ್ಣಿನ ಕೆಲಸವನ್ನು ನಿಯಮಗಳು ಮಾಡಬೇಕಾಗುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

'ಸ್ತ್ರೀ' ಎಂಬ ಒಂದಕ್ಷರದ ಶಬ್ದವನ್ನು ತೆಗೆದುಕೊಳ್ಳೋಣ. ಕಣ್ಣಿಗೆ ಅದು ಒಂದೇ ಚಿತ್ರ. ಈಗಿನ ಕಂಪ್ಯೂಟರಿನ ನೆನಪಿನಲ್ಲಾದರೋ ಅದು ಆರು ಸಂಖ್ಯೆಗಳ ಸಾಲು: ಸಕಾರ, ವಿರಾಮಚಿಹ್ನೆ, ತಕಾರ, ಮತ್ತೊಂದು ವಿರಾಮಚಿಹ್ನೆ, ರಕಾರ, ಕೊನೆಯಲ್ಲಿ ಈಕಾರದ ಗುಣಿತ. ಈ ಆರನ್ನು ಓದಿ ಒಂದು ಆಕೃತಿಯನ್ನು ನಿಯಮಾನುಸಾರ ಕಟ್ಟುವ ಕಾರ್ಯಕ್ರಮವೊಂದು, ಕಟ್ಟುವುದಕ್ಕೆ ಬೇಕಾದ ಬಿಡಿ ಆಕಾರಗಳನ್ನು ಒದಗಿಸುವ ಫಾಂಟ್ ಒಂದು, ಆ ಆಕಾರಗಳ ಗೆರೆಗಳನ್ನು ಚುಕ್ಕಿಗಳನ್ನಾಗಿ ಮಾಡಿ ತೆರೆಗೆ ಕಳುಹಿಸುವ ಗ್ರಾಫಿಕ್ಸ್ ಭಾಗವೊಂದು, ಹೀಗೆ ನಾಲ್ಕು ಕೈಗಳನ್ನು ದಾಟಿ ಅಕ್ಷರವು ನಮ್ಮ ಕಣ್ಣಿಗೆ ಬೀಳುತ್ತದೆ. ನೆನಪಿನ ಸಂಖ್ಯೆಯನ್ನು ಲಿಪಿಕಾರನಿಗೂ, ನಿಯಮ ಮತ್ತು ಫಾಂಟುಗಳನ್ನು ರೂವಾರಿಗೂ, ಗ್ರಾಫಿಕ್ಸ್ ಭಾಗವನ್ನು ಕಲ್ಲಿನ ಮೈಗೂ ಹೋಲಿಸಬಹುದು. ಹೋಲಿಕೆ ಪೂರ್ಣವಲ್ಲ, ಆದರೆ ಉಪಯುಕ್ತ.

ಇನ್ನು ಚರಿತ್ರೆ. ೧೯೮೦ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲಾಗಿ, ೧೯೮೮ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ 'ಜಿಸ್ಟ್' ಎಂಬ ಏರ್ಪಾಡು ಈ ತೊಡಕಿಗೆ ಯಂತ್ರಭಾಗದಿಂದಲೇ ಪರಿಹಾರವನ್ನು ಕಂಡುಕೊಂಡಿತು. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಒಂದು ಕಾರ್ಡನ್ನು ಸಿಕ್ಕಿಸಿದರೆ, ಡಾಸ್ ಕಾಲದ ಕಾರ್ಯಕ್ರಮಗಳಲ್ಲಿಯೂ ಭಾರತೀಯ ಲಿಪಿಗಳು ತೆರೆಯ ಮೇಲೆ ಮೂಡುತ್ತಿದ್ದುವು. ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ನೆನಪಿನಲ್ಲಿಟ್ಟು, ಆಕೃತಿಯನ್ನು ಕಟ್ಟುವ ಕೆಲಸವನ್ನು ಕಾರ್ಡಿಗೆ ಬಿಡುವುದು ಅದರ ತತ್ತ್ವ. ಆ ಕ್ರಮಕ್ಕೆ 'ಇಸ್ಕಿ' ಎಂಬ ಸಂಕೇತಪಟ್ಟಿಯು ಆಧಾರ. ೧೯೯೧ರಲ್ಲಿ ಅದು ಭಾರತೀಯ ಮಾನಕವೆಂದು ಅಂಗೀಕೃತವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳು ದೊರೆತುವು; ಅಲ್ಲಿನ ಅಕ್ಷರಕ್ರಮವೂ ಇಸ್ಕಿಯ ೧೯೮೮ರ ರೂಪವನ್ನೇ ಅನುಸರಿಸಿದುದು. ಜಿಸ್ಟ್ ಕಾರ್ಡಿನ ಕಾಲದಲ್ಲಿ ಕನ್ನಡ ಮೂಡದಿದ್ದರೆ ಕಾರ್ಡನ್ನು ಶಂಕಿಸುವುದು ಯುಕ್ತವಾಗಿಯೇ ಇತ್ತು. ದಾವಣಗೆರೆಯ ಅಂಗಡಿಯವರ ಶಂಕೆಯು ಆ ಕಾಲದ ವಾಸನೆಯೇ ಇರಬೇಕು.

ವಿಂಡೋಸ್ ಹರಡಿದ ಮೇಲೆ ದಾರಿ ಬೇರೆಯಾಯಿತು. ಯೂನಿಕೋಡ್ ಕನ್ನಡವನ್ನು ಕಟ್ಟಬಲ್ಲ ನಿಯಮಗಳು ಅದರಲ್ಲಿ ಇನ್ನೂ ಇಲ್ಲದ ಕಾಲದಲ್ಲಿ ನಮ್ಮವರು ಜಾಣ್ಮೆಯ ಉಪಾಯವೊಂದನ್ನು ಹೂಡಿದರು. ರೋಮನ್ ಲಿಪಿಗೆ ಮೀಸಲಾದ ಇನ್ನೂರೈವತ್ತಾರು ಸ್ಥಾನಗಳಲ್ಲಿ ಕನ್ನಡದ ತುಂಡು ಆಕಾರಗಳನ್ನು ತುಂಬಿ, ಫಾಂಟ್ ಮಾಡಿದರು. ಕಂಪ್ಯೂಟರು ತಾನು ಇಂಗ್ಲಿಷನ್ನೇ ಬರೆಯುತ್ತಿದ್ದೇನೆಂದು ತಿಳಿಯುತ್ತಿತ್ತು; ಓದುವವನಿಗೆ ಕನ್ನಡ ಕಾಣುತ್ತಿತ್ತು. ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸ, ಶೇಷಾದ್ರಿವಾಸು ಚಂದ್ರಶೇಖರನ್ ಅವರು ೧೯೯೮ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವುಗಳು ಈ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರವನ್ನು ಕಡಿಮೆಯಾಗಿ ಎಣಿಸುವುದು ಕೃತಘ್ನತೆ. ಕಚೇರಿಗಳೂ ಪತ್ರಿಕೆಗಳೂ ಅಚ್ಚುಕೂಟಗಳೂ ಇವುಗಳ ಬಲದಿಂದಲೇ ಕನ್ನಡದಲ್ಲಿ ವ್ಯವಹರಿಸಿದುವು. ಆದರೆ ಉಪಾಯದ ಬೆಲೆಯನ್ನು ನಾವು ಈಗ ತೆರುತ್ತಿದ್ದೇವೆ.

ಬೆಲೆ ಎರಡು ಬಗೆ. ಮೊದಲನೆಯದು ಎಲ್ಲರಿಗೂ ಕಾಣುವುದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒಳಗಿನ ಸುಳ್ಳು ಬಯಲಾಗುತ್ತದೆ. ನುಡಿಯಲ್ಲಿ ಬರೆದ 'ಕರ್ನಾಟಕ' ಶಬ್ದವು ಅಂಥಲ್ಲಿ 'ಪಿ' ಎಂಬ ರೋಮನ್ ಅಕ್ಷರದಿಂದ ಮೊದಲಾಗುತ್ತದೆ. ನಕಾರದ ಸ್ಥಳದಲ್ಲಿ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ ಕುಳಿತಿರುತ್ತದೆ. ಅಂಗಡಿಯಲ್ಲಿ ನಾವು ಕಂಡ ಹಣದ ಚಿಹ್ನೆಗಳು ಇವೇ. ಇಲ್ಲಿ ಕೆಟ್ಟುದು ಏನೂ ಇಲ್ಲ. ಫಾಂಟನ್ನು ಒದಗಿಸಿದೊಡನೆ ಕನ್ನಡವು ಮರಳುತ್ತದೆ. ಎರಡನೆಯ ಬೆಲೆ ಮರೆಯಲ್ಲಿರುವುದು, ಹೆಚ್ಚು ಅಪಾಯಕರವಾದುದು. ಈ ಫಾಂಟುಗಳಲ್ಲಿ ಅಕ್ಷರಗಳು ನೆನಪಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿಲ್ಲ, ಕಣ್ಣಿಗೆ ಕಾಣುವ ಕ್ರಮದಲ್ಲಿವೆ. ಸಾಮಾನ್ಯ ವ್ಯಂಜನಗಳಲ್ಲಿ ಇದರಿಂದ ಬಾಧಕವಿಲ್ಲ. ಅರ್ಕಾವೊತ್ತಿನಲ್ಲಿ ಬಾಧಕವುಂಟು. ನಾವು ರಕಾರವನ್ನು ಮೊದಲು ಉಚ್ಚರಿಸಿ ಮುಂದಿನ ವ್ಯಂಜನದ ಬಲಕ್ಕೆ ಬರೆಯುತ್ತೇವೆ. ಯೂನಿಕೋಡಿನಲ್ಲಿ ರಕಾರವು ಮೊದಲೇ ಇರುತ್ತದೆ, ಅದನ್ನು ಬಲಕ್ಕೆ ಸಾಗಿಸುವುದು ಆಕೃತಿ ಕಟ್ಟುವ ಕಾರ್ಯಕ್ರಮದ ಹೊಣೆ. ಹಳೆಯ ಫಾಂಟಿನಲ್ಲಿಯಾದರೆ ಅರ್ಕಾವೊತ್ತಿನ ಚೂರು ವ್ಯಂಜನದ ಅನಂತರವೇ ದಾಖಲಾಗಿರುತ್ತದೆ. ಪರಿವರ್ತಿಸುವ ಸಾಧನವು ಇದನ್ನು ಅರಿಯದೆ ಚೂರಿಗೆ ಚೂರನ್ನು ಬದಲಿಸುತ್ತ ಹೋದರೆ 'ಕರ್ನಾಟಕ'ವು 'ಕನಾರ್ಟಕ'ವಾಗುತ್ತದೆ; 'ಚಿತ್ರದುರ್ಗ'ವು 'ಚಿತ್ರದುಗರ್' ಆಗುತ್ತದೆ. ಶಾಸನಗಳ ಕಾಲನಿರ್ಣಯಕ್ಕೆ ಆಧಾರವಾದ 'ಶಕವರ್ಷ'ವೆಂಬ ಪದವೇ 'ಶಕವಷರ್' ಆಗಿ, ಆ ಪದವನ್ನು ಹುಡುಕಿದವನಿಗೆ ಶಾಸನವೇ ಇಲ್ಲವೆಂದು ತೋರುತ್ತದೆ.

ಶಾಸನಗಳಲ್ಲಿ ಈ ತೊಂದರೆ ಇಮ್ಮಡಿಸುವುದಕ್ಕೆ ಕಾರಣವುಂಟು. ರೇಫದ ಮುಂದಿನ ವ್ಯಂಜನಕ್ಕೆ ದ್ವಿತ್ವವನ್ನು ಬರೆಯುವುದು ಹಳಗನ್ನಡ ಶಾಸನಗಳ ವಾಡಿಕೆ: 'ಧರ್ಮ್ಮ', 'ಕೀರ್ತ್ತಿ', 'ಸರ್ವ್ವ' ಎಂದು. ಇಲ್ಲಿ ವ್ಯಂಜನದ ಕೆಳಗೆ ಒತ್ತು, ಬಲಕ್ಕೆ ಅರ್ಕಾವೊತ್ತು, 'ಕೀರ್ತ್ತಿ'ಯಲ್ಲಿ ಮೇಲೆ ಇಕಾರದ ಗುಡಿಸು. ಅಪಕ್ವವಾದ ಪರಿವರ್ತನೆಯಲ್ಲಿ 'ಧರ್ಮ್ಮ'ವು 'ಧಮ್ಮರ್' ಎಂದಾಗುತ್ತದೆ. ಇದನ್ನು ಕಂಡ ಬೆರಳಚ್ಚುಗಾರರು ಸದುದ್ದೇಶದಿಂದಲೇ 'ಧರ್ಮ' ಎಂದು ತಿದ್ದಿಬಿಡುತ್ತಾರೆ. ಓದು ಸುಲಭವಾಯಿತು, ಹದಿಮೂರನೆಯ ಶತಮಾನದ ಬರವಣಿಗೆಯ ಲಕ್ಷಣವೊಂದು ಸದ್ದಿಲ್ಲದೆ ಅಳಿಯಿತು. ಕಲ್ಲು ಸವೆದುದನ್ನು ಲಿಪಿಕಾರನ ತಪ್ಪೆಂದು ತಿದ್ದಿದಂತೆಯೇ ಇದು.

೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವನ್ನು ಕಟ್ಟುವ ನಿಯಮಗಳೂ 'ತುಂಗಾ' ಎಂಬ ಕನ್ನಡ ಫಾಂಟೂ ಸೇರಿದುವು. ತುಂಗಭದ್ರೆಯ ನೀರು ಕುಡಿಯುವವರಿಗೆ ಹಿತವಾದ ಹೆಸರೇ. ಆದರೆ ಜಟಿಲ ಲಿಪಿಗಳ ಸೌಕರ್ಯವನ್ನು ಬೇರೆಯಾಗಿ ಆರಿಸಿ, ಸಿ.ಡಿ.ಯಿಂದ ಸ್ಥಾಪಿಸಿಕೊಳ್ಳಬೇಕಾಗಿತ್ತು. ಹಾಗೆ ಮಾಡದ ಕಂಪ್ಯೂಟರುಗಳಲ್ಲಿ ಒತ್ತು ಕೆಳಗಿಳಿಯದೆ ವ್ಯಂಜನವು ವಿರಾಮಚಿಹ್ನೆಯೊಡನೆ ಬಿಡಿಯಾಗಿ ನಿಲ್ಲುತ್ತಿತ್ತು. ಆಗ ಕೆಲವರು ತಮ್ಮ ತೆರೆಯ ಮೇಲೆ ಸರಿಯಾಗಿ ಕಾಣಲೆಂದು ಪಾಠವನ್ನೇ ಹಿಂದುಮುಂದು ಮಾಡಿ ಬರೆದರು. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಬೇಕಾದಲ್ಲಿ ಬೇಡವಾದಲ್ಲಿ ಸೇರಿಸಿದರು. ಕಂಪ್ಯೂಟರಿನ ಕೊರತೆ ಕೆಲವು ವರ್ಷಗಳಲ್ಲಿ ತೀರಿತು. ಸೇರಿಸಿದ ಚಿಹ್ನೆಗಳು ಇಂದಿಗೂ ಫೈಲುಗಳಲ್ಲಿ ಅಡಗಿವೆ.

ಜೋಡಕದ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ರಕಾರವನ್ನು ಅರ್ಕಾವೊತ್ತಾಗಿಸದೆ ಪೂರ್ಣಾಕ್ಷರವಾಗಿಯೇ ಇಟ್ಟು ಮುಂದಿನ ವ್ಯಂಜನವನ್ನು ಅದರ ಕೆಳಗೆ ಒತ್ತಾಗಿ ಬರೆಯುವ ರೀತಿಯೂ ನಮ್ಮಲ್ಲುಂಟು. 'ರ‍್ಯಾಂಕ್' ಎಂಬಲ್ಲಿ ಅದನ್ನು ನಿತ್ಯವೂ ಕಾಣುತ್ತೇವೆ. ಕಲ್ಲಿನ ಮೇಲೆ ಯಾವ ರೀತಿಯಿದೆಯೋ ಅದನ್ನೇ ಉಳಿಸುವುದು ಸಂಪಾದಕನ ಧರ್ಮವಾದುದರಿಂದ ಈ ಭೇದವು ಅಲ್ಪವಲ್ಲ. ಯೂನಿಕೋಡಿನಲ್ಲಿ ಇದಕ್ಕೆ ೮೨೦೫ನೆಯ ಸ್ಥಾನದ ಅದೃಶ್ಯ ಜೋಡಕವನ್ನು ಬಳಸಬೇಕು. ಅದನ್ನು ವಿರಾಮದ ಮುಂದೆ ಇಡುವ ರೂಢಿಯೊಂದು ಬೆಳೆದಿತ್ತು. ಮಾನಕವು ವಿಧಿಸುವುದು ರಕಾರಕ್ಕೂ ವಿರಾಮಕ್ಕೂ ನಡುವೆ. ಹಲವು ಕಂಪ್ಯೂಟರುಗಳಲ್ಲಿ ಎರಡೂ ಒಂದೇ ಚಿತ್ರವನ್ನು ಕೊಡುತ್ತವೆ. ಆದರೆ ಹುಡುಕುವಾಗ ಅವು ಎರಡು ಬೇರೆ ಶಬ್ದಗಳು.

ಪಟ್ಟಿಯಲ್ಲಿಯೇ ಇರುವ ಒಂದು ಪ್ರಮಾದವಂತೂ ಶಾಸನಜ್ಞರಿಗೆ ವಿಚಿತ್ರವಾಗಿ ತೋರೀತು. ಹಳಗನ್ನಡದ ೞಕಾರಕ್ಕೆ ಯೂನಿಕೋಡಿನಲ್ಲಿ ೩೨೯೪ನೆಯ ಸ್ಥಾನವಿದೆ. ಆಕಾರವು ೞಕಾರದ್ದೇ, ಹೆಸರು ಮಾತ್ರ ಇಂಗ್ಲಿಷಿನ 'ಎಫ್' ಧ್ವನಿಯುಳ್ಳ ಫಕಾರವೆಂದು ದಾಖಲಾಗಿಬಿಟ್ಟಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬ ನಿಯಮವಿರುವುದರಿಂದ ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ತಪ್ಪೊಪ್ಪಿಗೆಯಂತೆ ಸರಿಯಾದ ಪರ್ಯಾಯನಾಮವನ್ನು ಕೊಟ್ಟಿದ್ದಾರೆ. ಹರಿಹರದ ದೇವಾಲಯವಾಗಿ ಕೆಲವೇ ದಶಕಗಳಲ್ಲಿ, ಸುಮಾರು ೧೨೬೦ರಲ್ಲಿ, ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ೞಕಾರವುಳ್ಳ ಶಬ್ದಗಳನ್ನು ಎಣಿಸಿ ಹೇಳಬೇಕಾಯಿತು. ಆ ವೇಳೆಗೇ ಜನರು ಅದನ್ನು ಮರೆಯುತ್ತಿದ್ದರೆಂಬುದಕ್ಕೆ ಅದೇ ಸಾಕ್ಷಿ. ಏಳುನೂರು ವರ್ಷಗಳ ಮೇಲೆ ಪಟ್ಟಿ ಮಾಡಿದವರು ಹೆಸರನ್ನು ತಪ್ಪಿದುದಕ್ಕೆ ಅವರನ್ನು ಬಹಳವಾಗಿ ದೂರುವಂತಿಲ್ಲ. ನಕಾರಪೊಲ್ಲೆಂಬ ಇನ್ನೊಂದು ಪ್ರಾಚೀನ ರೂಪವು ಪಟ್ಟಿಗೆ ಸೇರಿದುದು ೨೦೨೧ರಲ್ಲಿ. ಅದಕ್ಕೆ ಮುಂಚೆ ಮಾಡಿದ ಫಾಂಟುಗಳಲ್ಲಿ ಆ ಸ್ಥಾನವು ಬರಿದು. ತೆರೆಯ ಮೇಲೆ ಖಾಲಿ ಚೌಕವೊಂದು ಕಂಡರೆ ಯಂತ್ರವನ್ನು ಬಯ್ದು ಫಲವಿಲ್ಲ.

ಇಷ್ಟನ್ನು ತಿಳಿದ ಮೇಲೆ ದೋಷವು ಎಲ್ಲಿದೆಯೆಂದು ನಿರ್ಣಯಿಸುವುದು ಅಷ್ಟು ಕಷ್ಟವಲ್ಲ. ಕನ್ನಡದ ಬದಲು ರೋಮನ್ ಅಕ್ಷರಗಳು ಕಂಡರೆ ಹಳೆಯ ಸಂಕೇತದ ಫೈಲು. ಖಾಲಿ ಚೌಕಗಳು ಕಂಡರೆ ಫಾಂಟಿನಲ್ಲಿ ಆ ಆಕಾರವಿಲ್ಲ. ವ್ಯಂಜನಗಳು ಒತ್ತಾಗದೆ ಬಿಡಿಬಿಡಿಯಾಗಿ ನಿಂತರೆ, ಅಥವಾ ಗುಣಿತಚಿಹ್ನೆಯು ಚುಕ್ಕಿಗಳ ವೃತ್ತವನ್ನು ಹೊತ್ತು ಒಂಟಿಯಾಗಿ ಕಂಡರೆ, ಆಕೃತಿ ಕಟ್ಟುವ ನಿಯಮಗಳು ಕೆಲಸಮಾಡುತ್ತಿಲ್ಲ. ಇಲ್ಲವೆ ಪಾಠದಲ್ಲಿಯೇ ಕ್ರಮ ತಪ್ಪಿದೆ. ಅದೇ ಸಾಲನ್ನು ಬೇರೊಂದು ಕಾರ್ಯಕ್ರಮದಲ್ಲಿಟ್ಟು ನೋಡಿದರೆ ಇವೆರಡರಲ್ಲಿ ಯಾವುದೆಂಬುದು ತಿಳಿದೀತು. ಅಕ್ಷರವು ಪೂರ್ಣವಾಗಿದ್ದು ಕೆಳಗಿನ ಒತ್ತಿನ ಪಾದ ಮಾತ್ರ ಕತ್ತರಿಸಿದಂತಿದ್ದರೆ, ಸಾಲಿನ ಎತ್ತರವನ್ನು ರೋಮನ್ ಲಿಪಿಯ ಅಳತೆಗೆ ಇಟ್ಟಿದ್ದಾರೆಂದು ಅರ್ಥ. ಸಾಲುಗಳ ಅಂತರವನ್ನು ಹಿಗ್ಗಿಸಿದರೆ ಸಾಕು.

ನಿಜವಾಗಿ ಗ್ರಾಫಿಕ್ಸ್ ಭಾಗದ ದೋಷವೂ ಇರುವುದುಂಟು. ಅದರ ಲಕ್ಷಣವೇ ಬೇರೆ. ಅದು ಲಿಪಿಭೇದವನ್ನು ಎಣಿಸುವುದಿಲ್ಲ. ಕನ್ನಡವೂ ಇಂಗ್ಲಿಷೂ ಚಿತ್ರಗಳೂ ಒಂದೇ ಸಮನೆ ಹರಿಯುತ್ತವೆ, ಮಿನುಗುತ್ತವೆ, ಪಟ್ಟೆಪಟ್ಟೆಯಾಗುತ್ತವೆ. ೨೦೦೯ರ ವಿಂಡೋಸ್ ೭ರೊಂದಿಗೆ ಬಂದ ಏರ್ಪಾಡಿನಿಂದ ಅಕ್ಷರಗಳನ್ನು ಬರೆಯುವ ಕೆಲಸದ ಒಂದು ಪಾಲು ಗ್ರಾಫಿಕ್ಸ್ ಸಂಸ್ಕಾರಕಕ್ಕೆ ಹೋದುದರಿಂದ, ಅದನ್ನು ನಡೆಸುವ ಡ್ರೈವರಿನ ತಪ್ಪೂ ಅಕ್ಷರಗಳಲ್ಲಿ ಕಾಣಿಸಿಕೊಳ್ಳಬಹುದು. ಪರೀಕ್ಷೆ ಸರಳ. ಕಾರ್ಯಕ್ರಮದಲ್ಲಿ ಹಾರ್ಡ್‌ವೇರ್ ವೇಗವರ್ಧನೆಯನ್ನು ನಿಲ್ಲಿಸಿದಾಗ ವಿಕಾರವು ಮಾಯವಾದರೆ ಡ್ರೈವರನ್ನು ಹೊಸದಾಗಿ ಹಾಕಬೇಕು, ಅಥವಾ ಹೊಸದು ಬಂದ ಮೇಲೆಯೇ ವಿಕಾರ ಮೊದಲಾಗಿದ್ದರೆ ಹಿಂದಿನದಕ್ಕೆ ಮರಳಬೇಕು. ತೆರೆಯ ಚಿತ್ರವನ್ನು ಕಂಪ್ಯೂಟರಿನೊಳಗೇ ತೆಗೆದು ಬೇರೊಂದು ಕಂಪ್ಯೂಟರಿನಲ್ಲಿ ನೋಡುವುದು ಇನ್ನೊಂದು ಉಪಾಯ: ಅಲ್ಲಿ ಚಿತ್ರವು ನಿರ್ಮಲವಾಗಿದ್ದರೆ ದೋಷವು ಕೇಬಲಿನಲ್ಲಿಯೋ ಮಾನಿಟರಿನಲ್ಲಿಯೋ, ಕೆಲವೊಮ್ಮೆ ಕಾರ್ಡಿನ ಹೊರಗಂಡಿಯಲ್ಲಿಯೋ ಇದೆ, ಚಿತ್ರದಲ್ಲಿಯೂ ವಿಕಾರವಿದ್ದರೆ ಅದು ಅದಕ್ಕಿಂತ ಹಿಂದೆಯೇ ಹುಟ್ಟಿದೆ. ಒಂದು ಅಪವಾದವನ್ನು ಮರೆಯಬಾರದು. ಕಂಪ್ಯೂಟರು ಒಮ್ಮೆ ಬರೆದ ಆಕಾರಗಳನ್ನು ಮತ್ತೆ ಬಳಸಲೆಂದು ಕೂಡಿಟ್ಟುಕೊಳ್ಳುತ್ತದೆ. ಆ ಸಂಗ್ರಹ ಕೆಟ್ಟರೆ ಕೆಲವು ಅಕ್ಷರಗಳು ಮಾತ್ರ ಕೆಡುತ್ತವೆ, ಉಳಿದುವು ಸರಿಯಾಗಿರುತ್ತವೆ. ಫಾಂಟ್ ಸಂಗ್ರಹವನ್ನು ಅಳಿಸಿ ಕಂಪ್ಯೂಟರನ್ನು ಮತ್ತೆ ಹೊರಡಿಸಿದರೆ ಅದು ಸರಿಹೋಗುತ್ತದೆ.

ದಾವಣಗೆರೆಯ ಫೈಲಿನ ಕಥೆಯನ್ನು ಮುಗಿಸುತ್ತೇನೆ. ಹಳೆಯ ಫಾಂಟನ್ನು ಹುಡುಕಿ ಹಾಕಿದೊಡನೆ ಪಾಠವು ತೆರೆಯ ಮೇಲೆ ಮೂಡಿತು. ಅದನ್ನು ಮೂಲಪ್ರತಿಯೆಂದು ಹಾಗೆಯೇ ಕಾಪಿಟ್ಟು, ಕಾಗದದ ಮೇಲೂ ಅಚ್ಚುಹಾಕಿಸಿ, ಬಳಿಕ ಯೂನಿಕೋಡಿಗೆ ಪರಿವರ್ತಿಸಿದೆವು. ಪರಿವರ್ತಿತ ಪಾಠದಲ್ಲಿ ಮೊದಲು ಹುಡುಕಿದುದು ರಕಾರ ಮತ್ತು ವಿರಾಮಗಳು ಶಬ್ದದ ಕೊನೆಗೆ ಬಂದ ಸ್ಥಳಗಳನ್ನು. 'ವಷರ್', 'ಧಮ್ಮರ್' ಎಂಬಂಥವು ಅಲ್ಲಿ ಸಾಲಾಗಿ ಸಿಕ್ಕುವು. ಅವುಗಳನ್ನು ಒಂದೊಂದಾಗಿ ಕಾಗದದ ಪ್ರತಿಯೊಡನೆ ಒಪ್ಪಿಟ್ಟು ಸರಿಪಡಿಸಿದೆವು; ದ್ವಿತ್ವವನ್ನು ಎಲ್ಲಿಯೂ ಕಳೆಯಲಿಲ್ಲ. ಶಬ್ದದ ನಡುವೆ ಅಡಗಿದವುಗಳು ಹೆಚ್ಚು ಕಾಡಿದುವು. ಅವಕ್ಕೆ ಪೂರ್ತಿ ಪಾಠವನ್ನು ಓದುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಇನ್ನುಳಿದುದು ಳಕಾರದ ಪ್ರಶ್ನೆ. ಆ ಫೈಲಿನಲ್ಲಿ ೞಕಾರವೆಂಬುದು ಒಂದೆಡೆಯೂ ಇಲ್ಲ, ಎಲ್ಲೆಲ್ಲಿಯೂ ಳಕಾರವೇ. ಕಲ್ಲಿನ ಮೇಲೆಯೇ ಹಾಗಿದ್ದರೆ ಅದು ಆ ಕಾಲದ ಭಾಷೆಗೆ ಪ್ರಮಾಣ. ಬೆರಳಚ್ಚುಗಾರನಿಗೆ ಕೀಲಿ ದೊರೆಯದೆ ಹಾಗಾಗಿದ್ದರೆ ಅದು ಬೆರಳಚ್ಚಿಗೆ ಮಾತ್ರ ಪ್ರಮಾಣ. ತೆರೆಯ ಮೇಲೆ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ಕಂಪ್ಯೂಟರಿನ ಯಾವ ಪರೀಕ್ಷೆಯೂ ಇಲ್ಲಿ ಸಲ್ಲದು. ರೈಸ್ ಮಹಾಶಯರ ಸಂಪುಟದ ಪಾಠವನ್ನು ಒಂದು ಕೈಯಲ್ಲಿಟ್ಟುಕೊಂಡು, ಹರಿಹರೇಶ್ವರನ ಗುಡಿಯಲ್ಲಿ ಕಲ್ಲಿನ ಮುಂದೆ ನಿಂತು, ಬೆಳಗಿನ ಓರೆಬಿಸಿಲಿನಲ್ಲಿ ಆ ಶಬ್ದಗಳನ್ನು ಒಂದೊಂದಾಗಿ ನೋಡುವ ಕೆಲಸವನ್ನು ಈಗ ಆರಂಭಿಸಿದ್ದೇವೆ.